ಮೊದಲ ಐವತ್ತು ಯೂನಿಟ್ಟು

ಎಲ್ಲರ ಮನೆಯಲ್ಲೂ ಬೆಳಕಾಗಿರುವ ದೇವರಿಗೆ ನಮಸ್ಕಾರ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನಗೂ, ನನ್ನ ಮನೆಯಲ್ಲಿ ಬಾಡಿಗೆಗಿದ್ದು ದೋಸೆಹಿಟ್ಟು ರುಬ್ಬಿ ಮಾರುವ ನಿಂಗಾಜಮ್ಮನಿಗೂ ಒಂದೇ ಕರೆಂಟ್ ಮೀಟರು. ಮೊದಲ ಐವತ್ತು ಯೂನಿಟ್ಟು ಅಗ್ಗ, ಆಮೇಲಿನದು ದುಬಾರಿ. ಪ್ರತಿ ತಿಂಗಳೂ ಅಗ್ಗದ್ದನ್ನೆಲ್ಲ ನನ್ನ ಲೆಕ್ಕಕ್ಕೇ ಬರೆದುಕೊಂಡು, ದುಬಾರಿಯದನ್ನು ಅವಳ ಲೆಕ್ಕಕ್ಕೆ ಹಾಕುತ್ತಿದ್ದೆ.

"ಅದ್ಹೆಂಗೆ ಸ್ವಾಮಿ?" ಎಂದಳು ನಿಂಗಾಜಮ್ಮ ಒಂದು ದಿನ.

"ನಾಲ್ಕಕ್ಕೇ ಎದ್ದು ದೇವರ ಮನೆ ಲೈಟ್ ಹಾಕೋನು ನಾನಲ್ವೇನಮ್ಮ? ಮೊದಲು ಉರಿಸಿದವರಿಗೆ ಮೊದಲ ಯೂನಿಟ್ಟು."

ಮುಂದಿನ ತಿಂಗಳು ಮೀಟರ್ ಓದುವವನು ಹಳೇ ಲೆಕ್ಕ ಮುಗಿಸಿ ಗೇಟು ದಾಟಿ ಹೋಗುವಷ್ಟರಲ್ಲೇ ಅವಳ ಗ್ರೈಂಡರು ಗುರುಗುಟ್ಟಿತು.

"ಈ ಸಲ ಮೊದಲು ಉರಿಸಿದ್ದು ನಾನು ಸ್ವಾಮಿ. ನನ್ನ ಐವತ್ತು ಮುಗಿಯೋಗಂಟ ನೀವು ಸ್ವಿಚ್ ಮುಟ್ಟಬೇಡಿ. ದೇವರ ಮನೆ ಲೈಟು ಮಾತ್ರ ಉರೀಲಿ. ಅದು ನನ್ನ ಪಾಲಿಂದು. ದೇವರಿಗೆ ನಾನು ಬಿಲ್ಲು ಹಾಕಲ್ಲ."

ಅಂದು ದೇವರ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿ ಹಳೇ ಲೆಕ್ಕ ತಿದ್ದಿದೆ, ಅವಳ ಹಣ ಅವಳಿಗೆ ಕೊಟ್ಟೆ.

ಕೇಳಿದ ನಿಮ್ಮೆಲ್ಲರ ಮನೆ ಬೆಳಗುತ್ತಿರಲಿ, ಪಕ್ಕದವರ ಮನೆಯೂ.