ತೊಟ್ಟಿಲಿಗೊಂದು ಚಿಪ್, ಕೈಗೊಂದು ಚಿಪ್

ಹಾವೇರಿಯಲ್ಲಿ ಇನಾಮದಾರ ಸರ್ ಎಂಬ ಎಲೆಕ್ಟ್ರಾನಿಕ್ಸ್ ಮೇಷ್ಟ್ರಿದ್ದರು. ಅವರ ಬಳಿ ಕಲಿಯುತ್ತಿದ್ದವರಲ್ಲಿ ದಾಕ್ಷಾಯಣಿ ಬಹಳ ಚುರುಕು.

ಒಂದು ದಿನ ಪದ್ಮಾವತಿ ಎಂಬ ಹೊಲಿಗೆಯಾಕೆ ಅವರಲ್ಲಿಗೆ ಬಂದಳು. ಆಕೆಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಒಳಕೋಣೆಯ ತೊಟ್ಟಿಲಲ್ಲಿ ಮಗು ಅತ್ತರೆ ಗೊತ್ತಾಗುತ್ತಿರಲಿಲ್ಲ. ಹೊಲಿಗೆ ಬಿಟ್ಟು ಓಡಿ ಓಡಿ ನೋಡುವುದೇ ಆಗಿತ್ತು. ಮಗು ಅತ್ತಾಗ ನನಗೆ ತಿಳಿಯುವಂತೆ ಏನಾದರೂ ಮಾಡಿಕೊಡಿ ಎಂದು ಕೈಸನ್ನೆಯಲ್ಲಿ ಕೇಳಿದಳು.

"ನಾ ಮಾಡ್ತೀನಿ ಸರ್!" ಎಂದಳು ದಾಕ್ಷಾಯಣಿ.

ತೊಟ್ಟಿಲ ಬಳಿ ಅಳು ಆಲಿಸಿ, ತಂತಿಯಿಲ್ಲದೆ ಸುದ್ದಿ ಕಳಿಸುವ ಒಂದು ಡಬ್ಬಿ. ತಾಯಿಯ ಕೈಯಲ್ಲಿ ನಡುಗಿ ಎಚ್ಚರಿಸುವ ಒಂದು ಪಟ್ಟಿ. ಎರಡಕ್ಕೂ ಮೈಕ್ರೋಕಂಟ್ರೋಲರ್ ಬೇಕು. ಉಪಕರಣಕ್ಕೆ ಮಿದುಳಿನಂತಿರುವ ಚಿಪ್ ಅದು. ಎಲ್ಲರ ಕಣ್ಣಿಗೆ ಬೀಳುವುದು ಕೈಪಟ್ಟಿ ತಾನೇ? ದಾಕ್ಷಾಯಣಿ ಅದಕ್ಕೆ ಅತ್ಯಂತ ವೇಗದ, ದೊಡ್ಡ ಚಿಪ್ ಹಾಕಿದಳು. ಗಡಿಯಾರ, ಬಣ್ಣದ ಪರದೆ ಎಲ್ಲವೂ ಬಂದವು. ಡಬ್ಬಿಗೆ ಪುಟ್ಟ ಚಿಪ್ ಸಾಕೆಂದಳು.

ಎರಡನ್ನೂ ಮನೆಗೆ ಒಯ್ದ ಮರುದಿನ ಮಧ್ಯಾಹ್ನವೇ ಪದ್ಮಾವತಿ ಮಗುವನ್ನೆತ್ತಿಕೊಂಡು ವಾಪಸ್ ಬಂದಳು. ಕುಕ್ಕರ್ ಸೀಟಿ ಹೊಡೆದಾಗಲೂ ಪಟ್ಟಿ ನಡುಗಿತ್ತು. ಆಮೇಲೆ ಬ್ಯಾಟರಿಯೇ ಮುಗಿದಿತ್ತು. ದಾರದುಂಡೆ ತರಲು ಒಳಗೆ ಹೋದಾಗ ನೋಡಿದರೆ, ಮಗು ಅತ್ತೂ ಅತ್ತೂ ಬಿಕ್ಕುತ್ತಿತ್ತು. ಇದನ್ನೆಲ್ಲ ಸನ್ನೆಯಲ್ಲಿ ಹೇಳುವಾಗ ಆಕೆಯ ಕಣ್ಣು ತುಂಬಿತ್ತು.

ಸರ್ ಬೈಯಲಿಲ್ಲ. "ಚಿಪ್ ಆರಿಸೋಕಿಂತ ಮೊದಲ ಆಕೀ ಮನೀಗೆ ಹೋಗಿದ್ದಿ ಏನವಾ?"

"ಇಲ್ಲ ಸರ್."

"ಹಂಗಾರ ನಾಳೆ ಹೋಗು. ಸುಮ್ನ ಕೂತು ನೋಡು."

ದಾಕ್ಷಾಯಣಿ ಹೋದಳು. ಸಂಜೆಯತನಕ ಕೂತಳು. ಮಗು ನಿದ್ದೆ ಮಾಡುವುದೇ ಹೆಚ್ಚು, ಅಳುವುದು ಕಡಿಮೆ. ಅಂದಮೇಲೆ ಕೈಪಟ್ಟಿಯ ಕೆಲಸವೆಂದರೆ ಕಾಯುವುದು! ಮಲಗಿ, ಆಗಾಗ ಕಣ್ಣು ಬಿಟ್ಟು ನೋಡಿ, ಮತ್ತೆ ಮಲಗುವ ಪುಟ್ಟ ಚಿಪ್ ಅದಕ್ಕೆ ಸಾಕು. ಬ್ಯಾಟರಿ ಎಷ್ಟೋ ದಿನ ಬರುತ್ತದೆ. ಕಷ್ಟದ ಕೆಲಸ ಡಬ್ಬಿಯದು. ಕುಕ್ಕರ್, ಹೊಲಿಗೆ ಯಂತ್ರ, ಬೀದಿಯ ಹಾರನ್, ಇಷ್ಟರ ನಡುವೆ ಅದು ಅಳುವನ್ನು ಗುರುತಿಸಬೇಕು. ಅದಕ್ಕೆ ದೊಡ್ಡ ಚಿಪ್ಪೇ ಬೇಕು. ಡಬ್ಬಿ ಗೋಡೆಯ ಪ್ಲಗ್ಗಿಗೇ ಅಂಟಿರುವುದರಿಂದ ಕರೆಂಟಿನ ಚಿಂತೆಯೂ ಇಲ್ಲ.

ಅವಳು ಎರಡನ್ನೂ ಅದಲು ಬದಲು ಮಾಡಿ, ಹೊಸದಾಗಿ ಪ್ರೋಗ್ರಾಂ ಬರೆದಳು.

ಪರೀಕ್ಷೆಯ ದಿನ ಸರ್, ದಾಕ್ಷಾಯಣಿ, ಪದ್ಮಾವತಿ ಮೂವರೂ ತೊಟ್ಟಿಲ ಬಳಿ, ಮಗು ಯಾವಾಗ ಅಳುತ್ತದೋ ಎಂದು ಕಾದು ಕೂತರು. ಕುಕ್ಕರ್ ಕೂಗಿತು, ಪಟ್ಟಿ ಅಲುಗಲಿಲ್ಲ. ಮಗು ಮಾತ್ರ ಎದ್ದು, ಕಾಲು ಬಡಿಯುತ್ತ ನಕ್ಕಿತು.

"ಅಳ ನಮ್ಮವ್ವ, ಒಂದ ಸಲ ಅಳ!" ಎಂದು ಸರ್ ಕೈಮುಗಿದರು. ಮಗು ಇನ್ನೂ ಜೋರಾಗಿ ನಕ್ಕಿತು.

ಮೂವರೂ ನಗುತ್ತ ಹೊರಕೋಣೆಗೆ ಬಂದರು. ಪದ್ಮಾವತಿ ಹೊಲಿಗೆಗೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕೈಪಟ್ಟಿ ನಡುಗಿತು. ಬಟ್ಟೆ ಬಿಸಾಡಿ ಒಳಗೆ ಓಡಿದಳು. ಮಗುವಿಗೆ ಹಸಿವಾಗಿತ್ತು, ಅಳು ಈಗಷ್ಟೇ ಶುರುವಾಗಿತ್ತು. ಎತ್ತಿ ಎದೆಗೊತ್ತಿಕೊಂಡ ಪದ್ಮಾವತಿ, ಹಿಂದೆಯೇ ಓಡಿಬಂದ ದಾಕ್ಷಾಯಣಿಯನ್ನೂ ಇನ್ನೊಂದು ಕೈಯಿಂದ ಬಳಸಿ ಹಿಡಿದಳು.

ನೀತಿ: ದೊಡ್ಡದೇ ಒಳ್ಳೆಯದು ಎಂದು ಆರಿಸಬೇಡಿ. ಮೊದಲು ಕೆಲಸವನ್ನೂ ಆ ಕೆಲಸ ಯಾರಿಗಾಗಿ ಎಂಬುದನ್ನೂ ಕಣ್ಣಾರೆ ನೋಡಿ. ಸರಿಯಾದ ಜಾಗ ಸಿಕ್ಕರೆ ದೊಡ್ಡದೂ ಚಿಕ್ಕದೂ ಎರಡೂ ಉಪಕಾರಕ್ಕೆ ಬರುತ್ತವೆ.