ಅಂದಾಜು ತಪ್ಪದ ಕೊಟ್ರೇಶ

ದಾವಣಗೆರೆಯ ಕಾಲೇಜೊಂದರಲ್ಲಿ ಕೊಟ್ರೇಶ ಎಂಬ ಹುಡುಗನಿದ್ದ. ಜಪಾನಿನ ಅನಿಮೆ ಎಂದರೆ ಅವನಿಗೆ ಊಟ ನಿದ್ದೆ ಬೇಡ. ಅನಿಮೆ ಎಂದರೆ ಅಲ್ಲಿನ ಕಾರ್ಟೂನ್ ಧಾರಾವಾಹಿ, ಮಾಂಗಾ ಎಂದರೆ ಅಲ್ಲಿನ ಚಿತ್ರಕಥೆಯ ಪುಸ್ತಕ. ಈ ಕಥೆಗೆ ಅಷ್ಟು ತಿಳಿದಿದ್ದರೆ ಸಾಕು.

ಯಾವ ಸರಣಿಯೇ ಬರಲಿ, ಪೋಸ್ಟರ್ ನೋಡಿ, ಮೊದಲ ಒಂದೆರಡು ಕಂತು ನೋಡಿ, ಅದು ಹೇಗೆ ಸಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕೊಟ್ರೇಶ ಹೇಳಿಬಿಡುತ್ತಿದ್ದ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮುರಿಗೆಪ್ಪನವರ ಮಹಡಿ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಗೆಳೆಯರೆಲ್ಲ ಅನಿಮೆ ನೋಡಲು ಸೇರುತ್ತಿದ್ದರು. ಅಲ್ಲಿ ಕೊಟ್ರೇಶನದೇ ಕಾರುಬಾರು. ಅವನು ಮೂಗು ಮುರಿದ ಸರಣಿಯ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ತನ್ನ ಅಂದಾಜು ಒಮ್ಮೆಯೂ ತಪ್ಪಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಪಾಪ, ಬೇಕೆಂದೇ ಹೇಳಿದ ಸುಳ್ಳಲ್ಲ. ಅವನು ಅದನ್ನು ಮನಸಾರೆ ನಂಬಿದ್ದ.

ಅದೇ ಗುಂಪಿನಲ್ಲಿ ನಾಗವೇಣಿ ಇದ್ದಳು. ಕೊಟ್ರೇಶನ ಬೀದಿಯವಳು, ಒಂದನೇ ಕ್ಲಾಸಿನಿಂದ ಅವನ ಜೊತೆ ಓದಿದವಳು. ಮಾತು ಕಡಿಮೆ, ಕೈ ಚುರುಕು. ಚಿತ್ರಕಥೆಯ ಸ್ಪರ್ಧೆಯೊಂದಕ್ಕೆ ಕಳಿಸಲೆಂದು ವರ್ಷವಿಡೀ ಕೂತು ತಾನೇ ಒಂದು ಮಾಂಗಾ ಬರೆದಿದ್ದಳು. ಬರೆದು ಮುಗಿಸಿದ ಮೇಲೆ ಅಳುಕು ಶುರುವಾಯಿತು. ಶುಕ್ರವಾರ ಕೊನೆಯ ದಿನ. ಮನೆಯವರಿಗೂ ತೋರಿಸದ ಹಾಳೆಗಳನ್ನು ತಂದು ಕೊಟ್ರೇಶನ ಕೈಗಿಟ್ಟಳು. ಓದಿ ಹೇಳು, ನೀನು ಹೂಂ ಅಂದರೆ ಕಳಿಸುತ್ತೇನೆ ಅಂದಳು.

ಕೊಟ್ರೇಶ ಬೈಕಿನ ಮೇಲೆ ಕೂತೇ ಮೊದಲ ಕೆಲವು ಪುಟ ತಿರುವಿದ. ಒಬ್ಬಳು ಹುಡುಗಿ ಸಂಜೆ ಹೊತ್ತು ಮಹಡಿ ಮೇಲೆ ಬಟ್ಟೆ ಒಣಹಾಕುತ್ತಾಳೆ. ಎದುರು ಮಹಡಿಯಲ್ಲಿ ಒಬ್ಬ ಹುಡುಗ ನಿಂತಿರುತ್ತಾನೆ. ಇವಳು ಕದ್ದು ನೋಡುತ್ತಾಳೆ, ಅವನು ನಗುತ್ತಾನೆ. ಅಪ್ಪನ ಹೆಜ್ಜೆ ಸದ್ದು ಕೇಳಿದರೆ ಇವಳು ಒಳಗೆ ಓಡುತ್ತಾಳೆ. ಅಷ್ಟು ಸಾಕಾಯಿತು ನಮ್ಮ ಪಂಡಿತನಿಗೆ.

ಶನಿವಾರದವರೆಗೆ ಕಾಯಲಿಲ್ಲ. ಮರುದಿನ ಕಾಲೇಜಿನ ಕ್ಯಾಂಟೀನಿನಲ್ಲಿ, ನಾಗವೇಣಿಯ ಎದುರಿನಲ್ಲೇ, ಹಾಳೆಗಳನ್ನು ಮೇಜಿನ ಮೇಲೆ ಹಾಕಿ ಗೆಳೆಯರಿಗೆಲ್ಲ ಕಥೆ ಒಪ್ಪಿಸಿದ. ಎದುರುಮನೆ ಹುಡುಗ, ಬಟ್ಟೆ ಒಣಹಾಕುವ ಹುಡುಗಿ, ಅಪ್ಪ ಒಪ್ಪುವುದಿಲ್ಲ, ಕೊನೆಗೆ ಹುಡುಗ ಬಸ್ಸು ಹತ್ತುತ್ತಾನೆ, ಇವಳು ಕಣ್ಣೊರೆಸಿಕೊಳ್ಳುತ್ತಾಳೆ. ಚಿತ್ರ ಚೆನ್ನಾಗಿದೆ, ಕಥೆ ಮಾತ್ರ ಹಳಸಲು ಅಂದ. ಎಲ್ಲರೂ ನಕ್ಕರು.

"ಪೂರ್ತಿ ಓದಿದೆಯೇನೋ?" ಎಂದು ನಾಗವೇಣಿ ಕೇಳಿದಳು.

"ಓದೋದೇನೈತಿ ಅದರಾಗೆ? ಗೊತ್ತಾತು ಬಿಡು."

ಅವಳು ಹಾಳೆಗಳನ್ನು ಜೋಡಿಸಿಕೊಂಡು ಎದ್ದು ಹೋದಳು. ಶುಕ್ರವಾರ ಕಳೆಯಿತು. ಶನಿವಾರ ಮೇಷ್ಟ್ರ ಕೋಣೆಗೂ ಅವಳು ಬರಲಿಲ್ಲ. ಮಾಂಗಾ ಕಳಿಸಲೇ ಇಲ್ಲವಂತೆ ಎಂದು ಯಾರೋ ಹೇಳಿದರು. ಹೇಗೂ ಬಹುಮಾನ ಬರುತ್ತಿರಲಿಲ್ಲ, ನೊಂದುಕೊಳ್ಳುವುದು ತಪ್ಪಿತು ಎಂದು ಕೊಟ್ರೇಶ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಅವಳು ಕೂರುತ್ತಿದ್ದ ಜಾಗ ಖಾಲಿ ಇದ್ದದ್ದು ಅವನ ಕಣ್ಣಿಗೆ ಚುಚ್ಚುತ್ತಿತ್ತು.

ಕ್ಯಾಂಟೀನಿನ ಸುದ್ದಿ ಮೇಷ್ಟ್ರ ಕಿವಿಗೂ ಬಿದ್ದಿತ್ತು. ಉಳಿದವರು ಇಳಿದುಹೋದ ಮೇಲೆ ಅವರು ಕೊಟ್ರೇಶನನ್ನು ಕೂರಿಸಿಕೊಂಡು, ನಿನ್ನ ಅಂದಾಜು ಎಷ್ಟು ಸಲ ತಪ್ಪಿದೆ ಎಂದು ಕೇಳಿದರು. ಒಂದು ಸಲವೂ ಇಲ್ಲ ಎಂದು ಅವನು ಎದೆ ಸೆಟೆಸಿದ. ಅಂದಾಜು ಮಾಡಿದ ಮೇಲೆ ಕೊನೆಯವರೆಗೆ ನೋಡಿದ್ದು ಯಾವುವು ಎಂದು ಅವರು ಮತ್ತೆ ಕೇಳಿದರು. ಕೊಟ್ರೇಶ ಯೋಚಿಸಿದ. ತಾನು ಹೇಳಿದ ಹಾಗೆಯೇ ಸಾಗಿದ್ದನ್ನು ಕೊನೆಯವರೆಗೆ ನೋಡಿದ್ದ. ಬೇರೆ ದಾರಿ ಹಿಡಿಯಿತೋ, ಬೋರು ಎಂದು ಅಲ್ಲಿಗೇ ನಿಲ್ಲಿಸಿದ್ದ. ಇದ್ದದ್ದನ್ನು ಇದ್ದಂತೆ ಹೇಳಿದ.

"ಹಂಗಾದ್ರೆ ನಿನ್ನ ಅಂದಾಜನ್ನ ತಪ್ಪೋಕೆ ನೀನು ಬಿಟ್ಟಿದ್ದು ಯಾವಾಗಪ್ಪ?" ಅಂದರು ಮೇಷ್ಟ್ರು.

ಕೊಟ್ರೇಶನಿಗೆ ಮೈಯೆಲ್ಲ ಉರಿಯಿತು. ಮೇಷ್ಟ್ರಿಗೆ ತೋರಿಸಿಯೇ ಬಿಡುತ್ತೇನೆ ಎಂದು ಭಾನುವಾರ ಬೆಳಿಗ್ಗೆ, ಹಿಂದೆ ಅರ್ಧಕ್ಕೆ ಬಿಟ್ಟು ಎಲ್ಲರ ಮುಂದೆ ಹೀಗಳೆದಿದ್ದ ಸರಣಿಯೊಂದನ್ನು ಹಾಕಿಕೊಂಡು ಕೂತ. ಅದು ಒಬ್ಬ ಬಾಕ್ಸರನ ಕಥೆ. ಏಟು ತಿನ್ನುತ್ತಾನೆ, ಪಳಗುತ್ತಾನೆ, ಕೊನೆಗೆ ಕಪ್ ಗೆಲ್ಲುತ್ತಾನೆ ಎಂದು ಆಗ ತೀರ್ಪು ಕೊಟ್ಟಿದ್ದ. ನಡುವೆ ತೂಕಡಿಕೆ ಬಂತು. ಹಟಕ್ಕೆ ಬಿದ್ದು ಮುಂದುವರಿಸಿದ. ಬಾಕ್ಸರನ ತಲೆಗೆ ಪೆಟ್ಟಾಗಿ, ಇನ್ನು ಮೇಲೆ ಕಾದಾಡಬೇಡ ಅಂದರು ಡಾಕ್ಟರು. ಅವನು ಅಪ್ಪನ ಕ್ಷೌರದಂಗಡಿಗೆ ಬಂದು ಕತ್ತರಿ ಹಿಡಿದ. ಇವತ್ತು ವಾಪಸು ಹೋಗುತ್ತಾನೆ, ನಾಳೆ ಹೋಗುತ್ತಾನೆ ಎಂದು ಕೊಟ್ರೇಶ ಕಾದ. ಅವನು ಹೋಗಲೇ ಇಲ್ಲ. ಕೊನೆಯ ಕಂತಿನಲ್ಲಿ ಅವನನ್ನು ಹೊಡೆದು ಕೆಡವಿದ್ದ ಎದುರಾಳಿಯೇ ಗಡ್ಡ ಬೋಳಿಸಿಕೊಳ್ಳಲು ಬಂದು ಕುರ್ಚಿಯಲ್ಲಿ ಕೂತ. ಒಂದು ಕಾಲಕ್ಕೆ ತಾನು ಗುದ್ದಲು ಹವಣಿಸಿದ್ದ ಆ ಕೆನ್ನೆಯ ಮೇಲೆ ಇವನು ಒಂದು ಗೀರೂ ಆಗದಂತೆ ಕತ್ತಿ ಆಡಿಸಿದ.

ಕೊಟ್ರೇಶನ ಕಣ್ಣು ತುಂಬಿ ಬಂತು. ಇದನ್ನು ನೋಡದಂತೆ ತಾನು ಎಷ್ಟು ಜನರನ್ನು ತಡೆದಿದ್ದೆ ಎಂದು ನೆನೆದು ನಾಚಿಕೆಯಾಯಿತು. ಅದರ ಬೆನ್ನಿಗೇ ನಾಗವೇಣಿಯ ನೆನಪಾಯಿತು. ಎದ್ದವನೇ ಅವಳ ಮನೆಗೆ ಹೋದ. ತಪ್ಪಾಯಿತು, ಇನ್ನೊಂದು ಸಲ ಕೊಡು ಎಂದು ಕೇಳಿದ. ಅವಳು ಹಾಳೆಗಳನ್ನು ತಂದುಕೊಟ್ಟು ಮೆಟ್ಟಿಲ ಮೇಲೆ ಕೂತಳು.

ಈ ಸಲ ಅವನು ಒಂದೊಂದೇ ಪುಟ ಓದಿದ. ಎದುರು ಮಹಡಿಯ ಹುಡುಗ ಆ ಹುಡುಗಿಯ ಸ್ವಂತ ಅಣ್ಣ. ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು, ದೂರ ಹೋಗಲು ಮನಸ್ಸಾಗದೆ ಎದುರಿಗೇ ಬಾಡಿಗೆ ಕೋಣೆ ಹಿಡಿದಿದ್ದ. ಅವನನ್ನು ಯಾರೂ ಮಾತಾಡಿಸಕೂಡದು ಎಂದು ಅಪ್ಪನ ಕಟ್ಟಪ್ಪಣೆ. ಅದಕ್ಕೇ ತಂಗಿ ಬಟ್ಟೆ ಒಣಹಾಕಿ ಸುದ್ದಿ ಹೇಳುತ್ತಿದ್ದಳು. ಎಲ್ಲರೂ ಕ್ಷೇಮವಾಗಿದ್ದರೆ ಹಸಿರು ಟವೆಲ್, ಅಮ್ಮನಿಗೆ ಹುಷಾರಿಲ್ಲದಿದ್ದರೆ ಬಿಳಿಯದು. ಹೀಗೇ ನಡೆದು, ಒಂದು ಸಂಜೆ ಅಪ್ಪನೇ ಮಹಡಿ ಹತ್ತಿ ಬರುತ್ತಾನೆ. ಮಗನನ್ನು ಕರೆಯಲು ಬಾಯಿ ಬಾರದು, ಯಾವ ಬಟ್ಟೆಗೆ ಯಾವ ಅರ್ಥವೆಂದೂ ಗೊತ್ತಿಲ್ಲ. ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ತಂದು ತಂತಿಯ ಮೇಲೆ ಹರವುತ್ತಾನೆ. ಅಣ್ಣ ಬೀದಿ ದಾಟಿ ಓಡಿ ಬರುತ್ತಾನೆ.

ಕೊಟ್ರೇಶ ತಲೆ ಎತ್ತಲಿಲ್ಲ. ನಾಗವೇಣಿಯ ಅಣ್ಣ ಸಿದ್ಧಲಿಂಗ ಎರಡು ವರ್ಷದ ಹಿಂದೆ ಅಪ್ಪನೊಡನೆ ಜಗಳವಾಡಿ ಹರಿಹರಕ್ಕೆ ಹೋದವನು ಇನ್ನೂ ಮನೆಗೆ ಬಂದಿರಲಿಲ್ಲ. ಅದು ಕೊಟ್ರೇಶನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಸೈಕಲ್ ಕಲಿಸಿದ್ದೇ ಸಿದ್ಧಲಿಂಗ. ಚಿತ್ರದ ಹುಡುಗನಿಗಿದ್ದದ್ದು ಸಿದ್ಧಲಿಂಗನದೇ ಮುಖ, ಮೊದಲ ಪುಟದಿಂದಲೂ.

ಬರುವ ವರ್ಷ ಖಂಡಿತ ಕಳಿಸು, ಬಹುಮಾನ ಬರುತ್ತದೆ ಎಂದು ಅವನು ತಡವರಿಸಿದ.

"ಬಹುಮಾನದ ಮಾತು ಬಿಡು," ಅಂದಳು ನಾಗವೇಣಿ. "ನಮ್ಮಣ್ಣನ್ನ ನೀನಾದ್ರೂ ಗುರುತು ಹಿಡೀತಿ ಅಂದ್ಕಂಡಿದ್ದೆ. ನನ್ನ ಅಂದಾಜು ತಪ್ಪಿತು."



ನೀತಿ: ಮೊದಲ ನೋಟಕ್ಕೆ ಅಂದಾಜು ಕಟ್ಟುವುದು ಎಲ್ಲರ ಸ್ವಭಾವ, ಅದರಲ್ಲಿ ದೋಷವಿಲ್ಲ. ಆ ಅಂದಾಜು ಸುಳ್ಳಾಗಲು ಎಡೆಗೊಡದೆ ಅದನ್ನೇ ತೀರ್ಪು ಮಾಡಿಕೊಂಡವನು ಕಥೆಯನ್ನೂ ಕಳೆದುಕೊಳ್ಳುತ್ತಾನೆ, ಕಥೆ ಹೇಳಲು ಬಂದವರನ್ನೂ ನೋಯಿಸುತ್ತಾನೆ. ಕೊನೆಯವರೆಗೆ ನೋಡಿ, ಆಮೇಲೆ ಮಾತಾಡಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ "ನನಗೆ ಗೊತ್ತಿಲ್ಲ" ಅನ್ನಿ.