ತೂಬಿನ ಸರ್ವರ್‌ಗೆ ಹೊಸ ಆವೃತ್ತಿ

“ಕೇಳಿರಪ್ಪೋ ಕೇಳಿ! ಹಿರಿಗೆರೆಯ ದೊರೆ ಬೊಮ್ಮರಸರ ಅಪ್ಪಣೆ! ಅರಮನೆಯ ಸರ್ವರ್ ಯಂತ್ರಕ್ಕೆ ಹೊಸ ಆವೃತ್ತಿ ಹಾಕಬೇಕಾಗಿದೆ. ಹಾಕುತ್ತೇನೆ ಎನ್ನುವವನು ಮೊದಲು ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಬೇಕು. ಗೆದ್ದವನಿಗೆ ಅರಮನೆಯ ಅಧಿಕಾರ, ರಾಜಕುಮಾರಿ ಒಪ್ಪಿದರೆ ಅವಳ ಕೈ. ಸೋತವನಿಗೆ ತಲೆದಂಡ!”

ಡಂಗುರದ ಸದ್ದಿಗೆ ದ್ಯಾವಪ್ಪ ಹಾಲಿನ ಡೈರಿಯಿಂದ ಹೊರಗೆ ಬಂದ. ಡೈರಿಯ ಪುಟ್ಟ ಸರ್ವರನ್ನು ನೋಡಿಕೊಳ್ಳುವುದು ಅವನ ಕೆಲಸ. ತಲೆದಂಡ ಯಾಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ದೊಡ್ಡ ಕೆರೆಯ ತೂಬುಗಳನ್ನು ತೆರೆದು ಮುಚ್ಚುವುದು ಅರಮನೆಯ ಸರ್ವರ್ ಯಂತ್ರ. ಹೋದ ವರ್ಷ ಆಗಿನ ಅಧಿಕಾರಿ ಅವಸರದಲ್ಲಿ ಬೇರೆ ಯಾವುದೋ ಆವೃತ್ತಿಯ ತಿದ್ದುಪಡಿ ಪ್ಯಾಚನ್ನು ಇದಕ್ಕೆ ಹಾಕಿಬಿಟ್ಟ. ತೆರೆದ ತೂಬು ಮುಚ್ಚಲೇ ಇಲ್ಲ. ಕೆರೆಯ ಕೆಳಗಿದ್ದ ಕೆಳಗೇರಿಗೆ ನೀರು ನುಗ್ಗಿತು. ದ್ಯಾವಪ್ಪನ ಸೋದರಮಾವ ಎಮ್ಮೆಯ ಹಗ್ಗ ಬಿಚ್ಚಲು ಹೋದವನು ತಿರುಗಿ ಬರಲಿಲ್ಲ. ಹಾಗೂ ಹೀಗೂ ಹಳೆಯದನ್ನೇ ಸರಿಮಾಡಿ ಓಡಿಸುತ್ತಿದ್ದರು. ಈಗ ಅದನ್ನು ತಯಾರಿಸಿದವರು, ಹಳೆಯದಕ್ಕೆ ಇನ್ನು ಮೇಲೆ ಪ್ಯಾಚು ಕಳಿಸುವುದಿಲ್ಲ ಎಂದಿದ್ದರು.

“ಬೇಡ ಕಣೋ ಮಗ,” ಎಂದಳು ತಾಯಿ ಸಣ್ತಾಯವ್ವ. “ನನ್ನ ತಮ್ಮನ್ನ ನೀರಿಗೆ ಕೊಟ್ಟೆ. ನಿನ್ನ ಕತ್ತಿಗೆ ಕೊಡಲಾ?”

“ಗೊತ್ತಿಲ್ಲದವನು ಯಾರಾದರೂ ಕೈ ಹಾಕಿದರೆ ನೀರು ಮತ್ತೆ ನಮ್ಮ ಕೇರಿಗೇ ಬರೋದು ಅವ್ವ,” ಎಂದು ದ್ಯಾವಪ್ಪ ಚಪ್ಪಲಿ ಮೆಟ್ಟಿದ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು: ವರ್ತಕರ ಮನೆಯ ಚಂದಯ್ಯಶೆಟ್ಟಿ, ನೆರೆರಾಜ್ಯದ ರಾಜಕುಮಾರ ಜಯಸಿಂಗ. ಪದುಮಲೆ ಮೊದಲ ಒಗಟು ಹೇಳಿದಳು. “ಬಟ್ಟೆ ಹರಿದಿದೆ. ಹರಿದದ್ದು ಉಟ್ಟವನಿಗೆ ಕಾಣದು, ಕಳ್ಳನಿಗೆ ಕಾಣುತ್ತದೆ. ಅದಕ್ಕೆ ಹಾಕುವುದೇನು?”

“ಬೀಗ,” ಎಂದ ಚಂದಯ್ಯ.

“ಹರಿದ ಬಟ್ಟೆಗೆ ಬೀಗ ಯಾರು ಹಾಕುತ್ತಾರೆ ಶೆಟ್ಟರೇ?” ಎಂದಳು ಅವಳು. ತಲೆದಂಡದ ದಿನದ ತನಕ ಇಡಲು ಭಟರು ಅವನನ್ನು ಸೆರೆಮನೆಗೆ ಒಯ್ದರು.

ಜಯಸಿಂಗ ತಡಮಾಡಲಿಲ್ಲ. “ತೇಪೆ. ಅಂದರೆ ಪ್ಯಾಚು,” ಎಂದ. ಸಭೆ ತಲೆದೂಗಿತು. ಅವನಿಗೆ ಎರಡನೆಯದು ಬಂತು. “ಒಬ್ಬಳು ತಾಯಿ, ಹಲವು ಮಕ್ಕಳು. ತಾಯಿಗಿಂತ ಮೊದಲು ಮಗು ಬಂದರೆ ಮನೆ ಮುರಿಯುತ್ತದೆ. ಅಕ್ಕನಿಗಿಂತ ಮೊದಲು ತಂಗಿ ಬಂದರೂ ಮುರಿಯುತ್ತದೆ. ಯಾರಿವರು?”

ಅವನು ಬಹಳ ಹೊತ್ತು ಯೋಚಿಸಿ, “ತಾಯಿ ಸರ್ವರು. ಅದನ್ನು ಬಳಸುವ ಪ್ರಜೆಗಳು ಮಕ್ಕಳು,” ಎಂದ. ಪದುಮಲೆ ತಲೆ ಅಲ್ಲಾಡಿಸಿದಳು. ಅವನನ್ನೂ ಒಯ್ದರು.

ಮೊದಲನೆಯದಕ್ಕೆ ಉತ್ತರ ಬಂದಾಗಿತ್ತು; ದ್ಯಾವಪ್ಪ ಎರಡನೆಯದಕ್ಕೆ ಮುಂದೆ ಬಂದ. “ತಾಯಿ ಹೊಸ ಆವೃತ್ತಿ, ಅಮ್ಮಣ್ಣಿಯವರೇ. ಮಕ್ಕಳು ಅದರ ಪ್ಯಾಚುಗಳು. ಮೊದಲು ಅವಳನ್ನು ಕೂರಿಸಬೇಕು, ಆಮೇಲೆ ಅವುಗಳನ್ನು ಹಿರಿಯದರಿಂದ ಒಂದೊಂದಾಗಿ ಕರೆಯಬೇಕು.”

“ಸರಿ. ಮೂರನೆಯದು ಕೇಳು. ಹೊರಡುವ ಮೊದಲೇ ಮಾಡಿಟ್ಟುಕೊಳ್ಳಬೇಕಾದ ದಾರಿ. ಅದರಲ್ಲಿ ನಡೆಯುವ ಪ್ರಸಂಗ ಬಾರದಿರಲಿ ಎಂದು ಮಾಡಿದವನೇ ಬೇಡಿಕೊಳ್ಳುತ್ತಾನೆ.”

“ವಾಪಸು ಬರುವ ದಾರಿ.”

ಅರಸನ ಮುಖ ಗಂಟಿಕ್ಕಿತು. “ಹಿಂದೆ ಸರಿಯುವ ಮಾತಾಡುವವನು ನನಗೆ ಬೇಡ.”

“ಉತ್ತರ ಸರಿಯಿದೆ ಅಪ್ಪಾಜಿ,” ಎಂದಳು ಮಗಳು.

“ಕೆಲಸ ಮಾಡಿ ತೋರಿಸಲಿ. ಕತ್ತಿ ಒರೆಯಲ್ಲೇ ಇರುತ್ತದೆ, ಆದರೆ ನನ್ನ ಸೊಂಟದಲ್ಲೇ ಇರುತ್ತದೆ.”

ಮಾರನೆಯ ಬೆಳಿಗ್ಗೆ ದ್ಯಾವಪ್ಪ ಮೊದಲು ತೂಬುಗಳ ಬಳಿಗೆ ಆಳುಗಳನ್ನು ಕಳಿಸಿದ; ಸರ್ವರು ನಿಂತಿರುವಷ್ಟು ಹೊತ್ತು ಅವರು ಕೈಯಿಂದಲೇ ಚಕ್ರ ತಿರುಗಿಸಬೇಕು. ಆಮೇಲೆ ಇದ್ದದ್ದನ್ನೆಲ್ಲ ನಕಲು ಮಾಡಿದ. ನಕಲು ಮಾಡಿ ಸುಮ್ಮನಾಗಲಿಲ್ಲ, ಖಾಲಿ ಯಂತ್ರವೊಂದರಲ್ಲಿ ಅದನ್ನು ತೆರೆದು ನೋಡಿದ. ತೆರೆಯಿತು. ಬಳಿಕ ಅರಮನೆಯ ಸರ್ವರಿನಲ್ಲಿ ಹೊಸ ಆವೃತ್ತಿ ಕೂತಿತು. ಮೊದಲಿನ ಪ್ಯಾಚುಗಳು ಒಂದರ ಹಿಂದೆ ಒಂದು ಕೂತವು. ಅರಸ ಗಡ್ಡ ನೀವಿಕೊಂಡ.

ಹೊರಗಿನವರು ತೂಬು ಮುಟ್ಟದಂತೆ ಕಾಯುವ ಬೀಗಗಳ ಪ್ಯಾಚು ಹಾಕುವಾಗ ಪರದೆ ಕೆಂಪಾಯಿತು. ಸರ್ವರು ತೂಬುಗಳನ್ನು ಗುರುತು ಹಿಡಿಯಲಿಲ್ಲ.

“ಮತ್ತೊಮ್ಮೆ ಒತ್ತು!” ಎಂದ ಅರಸ.

ಒತ್ತಿದರೆ ಕೂತರೂ ಕೂರಬಹುದು. ದ್ಯಾವಪ್ಪನ ಬೆರಳು ಒಂದು ಕ್ಷಣ ಅಲ್ಲೇ ನಿಂತಿತು. ಕೆಸರಿನಲ್ಲಿ ಸಿಕ್ಕ ಮಾವನ ರುಮಾಲು ನೆನಪಾಯಿತು. ಕೈ ಹಿಂದಕ್ಕೆಳೆದುಕೊಂಡ.

“ಒತ್ತುವುದಿಲ್ಲ ಪ್ರಭು. ವಾಪಸು ಹೋಗುತ್ತೇನೆ.”

ನಕಲಿನಿಂದ ಹಳೆಯದನ್ನು ಮರಳಿ ತಂದ. ಮಧ್ಯಾಹ್ನಕ್ಕೆ ತೂಬುಗಳು ಮುಂಚಿನಂತೆ ಸರ್ವರಿನ ಮಾತು ಕೇಳುತ್ತಿದ್ದವು. ಆದರೆ ಹೊಸದು ಬರಲಿಲ್ಲ. ಅರಸ ಕತ್ತಿಯ ಹಿಡಿಗೆ ಕೈ ಹಾಕಿದ. “ಸೋತೆ.”

ಪದುಮಲೆ ನಡುವೆ ಬಂದಳು. “ಅಪ್ಪಾಜಿ, ಹೋದ ವರ್ಷ ಅಧಿಕಾರಿ ಮತ್ತೆ ಮತ್ತೆ ಒತ್ತಿದ. ನಾನು ಪಕ್ಕದಲ್ಲೇ ನಿಂತಿದ್ದೆ. ವಾಪಸು ಬರಲು ಅವನಿಗೆ ದಾರಿಯೇ ಇರಲಿಲ್ಲ. ಇವತ್ತು ಕೆಳಗೇರಿಯಲ್ಲಿ ಒಂದು ಒಲೆಯೂ ಆರಿಲ್ಲ, ನೋಡಿ. ಮೂರನೆಯ ಒಗಟಿನ ಉತ್ತರ ಇದೇ.”

ಅರಸ ಕಿಟಕಿಯಾಚೆ ನೋಡಿದ. ಕೆಳಗೇರಿಯ ಸೂರುಗಳಿಂದ ಹೊಗೆ ಏಳುತ್ತಿತ್ತು. ಹಿಡಿಯ ಮೇಲಿನ ಕೈ ಸಡಿಲವಾಯಿತು. “ಹಾಗಾದರೆ ಹೊಸದು?”

“ಜಯಸಿಂಗರನ್ನು ಒಂದು ಮಾತು ಕೇಳಬೇಕು,” ಎಂದ ದ್ಯಾವಪ್ಪ. “ಅವರ ರಾಜ್ಯದಲ್ಲಿ ಇದೇ ಆವೃತ್ತಿ ಇದೆ ಅಂತ ಕೇಳಿದ್ದೇನೆ.”

ಸೆರೆಮನೆಯ ಸರಳುಗಳ ಹಿಂದೆ ಜಯಸಿಂಗ ನಕ್ಕುಬಿಟ್ಟ. “ಬೀಗದ ಪ್ಯಾಚಲ್ಲಿ ನಿಂತಿತಾ? ನಮ್ಮಲ್ಲೂ ಅಲ್ಲೇ ನಿಂತಿತ್ತು ಮಾರಾಯ. ಅದಕ್ಕೂ ಮೊದಲು ಗಡಿಯಾರದ ಪ್ಯಾಚು ಬೇಕು. ನಿಮಗೆ ಬಂದ ಕಟ್ಟಿನಲ್ಲಿ ಅದು ಇರುವುದಿಲ್ಲ, ಬೇರೆ ತರಿಸಿಕೊಳ್ಳಬೇಕು. ಥೂ! ಅಕ್ಕ ತಂಗಿ ಅಂದರೆ ಇದೇನಾ? ಕಂಡೂ ಹೊಳೆಯಲಿಲ್ಲವಲ್ಲ!”

ಗಡಿಯಾರದ ಪ್ಯಾಚು ತರಿಸಿದರು. ಈ ಸಲ ತಾಯಿ ಕೂತಳು, ಅಕ್ಕ ಬಂದಳು, ತಂಗಿ ಬಂದಳು. ತೂಬುಗಳು ತೆರೆದು, ಹೇಳಿದಷ್ಟೇ ನೀರು ಬಿಟ್ಟು, ಮುಚ್ಚಿಕೊಂಡವು.

“ಏನು ಬೇಕು ಕೇಳು,” ಎಂದ ಅರಸ.

“ಆ ಇಬ್ಬರನ್ನೂ ಬಿಡಿಸಿ ಪ್ರಭು. ಜಯಸಿಂಗರು ಹೇಳದಿದ್ದರೆ ನಾನು ಇನ್ನೂ ಹಳೆಯದರಲ್ಲೇ ಇರುತ್ತಿದ್ದೆ.”

ಇಬ್ಬರೂ ಬಿಡುಗಡೆಯಾದರು. ದ್ಯಾವಪ್ಪನಿಗೆ ಅರಮನೆಯ ಅಧಿಕಾರ ಬಂತು. ಸಭೆ ಚದುರಿದ ಮೇಲೆ ಪದುಮಲೆ ಅವನ ಎದುರು ನಿಂತು, “ಇನ್ನೊಂದು ಪ್ರಶ್ನೆ ಇದೆ. ಇದಕ್ಕೆ ತಲೆದಂಡ ಇಲ್ಲ. ನನ್ನನ್ನು ಮದುವೆಯಾಗುತ್ತೀಯಾ?” ಎಂದಳು.

ಎರಡು ಒಗಟಿಗೂ ತಟ್ಟನೆ ಉತ್ತರ ಕೊಟ್ಟವನು ಇಲ್ಲಿ ತಡವರಿಸಿದ. “ಅವ್ವನ್ನ ಒಂದು ಮಾತು ಕೇಳಿ ಹೇಳ್ತೀನಿ,” ಎಂದು ಕೆಳಗೇರಿಯ ಕಡೆ ಓಡಿದ.

ಅವ್ವ ಬೇಡ ಎನ್ನಲಿಲ್ಲ.